ಅರವತ್ತನಾಲ್ಕು ಕೋರ್ಸಿನ ಗಂಡು

ನಮ್ಮನೆಯವರಿಗೆ ಒಂದು ಕಾಯಿಲೆಯಿದೆ. ‘ಗೊತ್ತಿಲ್ಲ’ ಎಂಬ ಮಾತು ಅವರ ಬಾಯಿಂದ ಹೊರಡುವುದಿಲ್ಲ. ಬೀದಿಯಲ್ಲಿ ಯಾರಾದರೂ ದಾರಿ ಕೇಳಿದರೆ, ಗೊತ್ತಿರಲಿ ಬಿಡಲಿ, ಕೈ ಬೀಸಿ ಬೀಸಿ ಹೇಳಿ ಕಳಿಸುತ್ತಾರೆ. ಆಮೇಲೆ ಆ ಮನುಷ್ಯ ವಾಪಸ್ ಬರುವಷ್ಟರಲ್ಲಿ ಬೇರೆ ಬೀದಿ ಹಿಡಿದಿರುತ್ತಾರೆ. ಮದುವೆಯಾದ ಹೊಸದರಲ್ಲಿ ನಾನು ಇದನ್ನು ಲೋಕಜ್ಞಾನ ಅಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು!

ಅವರ ಆಫೀಸಿನಲ್ಲಿ ಕಟ್ಟಡಗಳ ಚಿತ್ರ ಮಾಡುತ್ತಾರೆ. ಇನ್ನೂ ಪಾಯವನ್ನೇ ತೋಡದ ಮನೆಯನ್ನು ಕಂಪ್ಯೂಟರಿನೊಳಗೆ ಕಟ್ಟಿ, ಸೋಫಾ ಹಾಕಿ, ಕಿಟಕಿಯಿಂದ ಬಿಸಿಲು ಬೀಳಿಸಿ ಕೊಳ್ಳುವವರಿಗೆ ತೋರಿಸುವ ಕೆಲಸ. ನಮ್ಮನೆಯವರು ಚಿತ್ರ ಮಾಡುವವರಲ್ಲ, ಖರೀದಿ ವಿಭಾಗದವರು. ಕುರ್ಚಿ, ಬೆಂಚು, ಟ್ಯೂಬ್‌ಲೈಟು, ಕೈ ತೊಳೆಯುವ ಸೋಪು ಇವೆಲ್ಲ ಅವರ ಕೈಯಿಂದಲೇ ಬರಬೇಕು. ಆ ವಿಭಾಗದಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಹಾಗಾಗಿ ವಿಭಾಗದ ಮುಖ್ಯಸ್ಥರೂ ಅವರೇ, ಮುಖ್ಯಸ್ಥರ ಮಾತು ಕೇಳಬೇಕಾದವರೂ ಅವರೇ.

ಒಂದು ದಿನ ಅವರ ಬಾಸ್ ಎಲ್ಲರನ್ನೂ ಕರೆದು ಹೇಳಿದರಂತೆ: "ಒಂದು ಚಿತ್ರ ಹೊರಗೆ ಬರೋಕೆ ಇಡೀ ದಿನ ಆಗ್ತಿದೆ. ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಬೇಕು. ಎರಡು ನೋಡಿದೀನಿ. ಒಂದಕ್ಕೆ ಅರವತ್ತನಾಲ್ಕು ಕೋರು, ಇನ್ನೊಂದಕ್ಕೆ ತೊಂಬತ್ತಾರು. ಕೊಟ್ಟ ದುಡ್ಡಿಗೆ ಯಾವುದು ಮೋಸ ಇಲ್ಲ ಅಂತ ಬೆಂಚ್‌ಮಾರ್ಕ್, ಅಂದ್ರೆ ವೇಗದ ಪರೀಕ್ಷೆಯ ಅಂಕ, ನೋಡಿ ಹೇಳೋರು ಯಾರಿದೀರಿ?"

ನಮ್ಮನೆಯವರು ಹಿಂದಿನ ಸಾಲಿನಲ್ಲಿದ್ದರು. ಅಷ್ಟುದ್ದದ ಮಾತಿನಲ್ಲಿ ಅವರಿಗೆ ಕೇಳಿಸಿದ್ದು ಬೆಂಚು ಒಂದೇ.

"ಬೆಂಚಿನ ವಿಷಯ ನಂಗೆ ಬಿಡಿ ಸಾರ್. ಹತ್ತು ವರ್ಷದಿಂದ ಅದನ್ನೇ ನೋಡ್ತಿದೀನಿ."

"ಹತ್ತು ವರ್ಷದಿಂದ ಬೆಂಚ್‌ಮಾರ್ಕ್ ನೋಡ್ತಿದೀರಾ? ಒಂದು ದಿನಾನೂ ಬಾಯಿ ಬಿಡ್ಲಿಲ್ವಲ್ರೀ!" ಎಂದು ಬಾಸ್ ಖುಷಿಯಿಂದ ಅವರ ಬೆನ್ನು ತಟ್ಟಿದರು. ಆಫೀಸಿನವರೆಲ್ಲ ಚಪ್ಪಾಳೆ ಹೊಡೆದರು. ಚಪ್ಪಾಳೆ ನಿಲ್ಲುವ ಹೊತ್ತಿಗೆ ವಿಷಯ ಬೆಂಚಲ್ಲ ಎಂದು ನಮ್ಮನೆಯವರಿಗೆ ಅರ್ಥವಾಗಿತ್ತು. ಆದರೆ ಚಪ್ಪಾಳೆ ತಟ್ಟಿಸಿಕೊಂಡ ಮೇಲೆ ಗೊತ್ತಿಲ್ಲ ಅನ್ನಲಾಗುತ್ತದೆಯೇ? ಭಾನುವಾರದೊಳಗೆ ಹೇಳುತ್ತೇನೆ ಎಂದು ಮಾತು ಕೊಟ್ಟು ಮನೆಗೆ ಬಂದರು. ಈ ಮಾನಗೇಡನ್ನು ಆಗ ನನ್ನ ಹತ್ತಿರವೂ ಹೇಳಲಿಲ್ಲ, ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಕೇಳಿದರೆ "ಆಫೀಸಿನ ಗುಟ್ಟು" ಎಂದು ಮೂಗಿನ ಮೇಲೆ ಬೆರಳಿಟ್ಟರು.

ಇನ್ನು ನಮ್ಮತ್ತೆಯ ವಿಷಯ ಹೇಳಬೇಕು. ಅತ್ತೆಯ ಎಡಗಿವಿ ರಜೆಯ ಮೇಲೆ ಹೋಗಿ ಬಹಳ ಕಾಲವಾಯಿತು. ಬಲಗಿವಿ ಮನಸ್ಸು ಬಂದರೆ ಕೆಲಸ ಮಾಡುತ್ತದೆ. ಕಿವಿ ತೋರಿಸಿಕೊಂಡು ಬರೋಣ ಅಂದವರ ಮೇಲೆ ಅವರು ಹರಿಹಾಯುತ್ತಾರೆ. "ನನ್ನ ಕಿವಿಗೇನಾಗಿದೆ? ನಿಮಗೆ ಬಾಯಿ ಬಿಟ್ಟು ಮಾತಾಡೋಕೆ ಬರಲ್ಲ!" ತಪ್ಪು ಕೇಳಿಸಿಕೊಳ್ಳುವುದು ಈ ಮನೆಯಲ್ಲಿ ತಾಯಿಯಿಂದ ಮಗನಿಗೆ ಬಂದ ಆಸ್ತಿ ಎಂದು ನಾನು ಒಮ್ಮೆ ಮೆಲ್ಲಗೆ ಅಂದೆ. ಅದೊಂದು ಮಾತ್ರ ಅವರಿಗೆ ಸ್ಪಷ್ಟವಾಗಿ ಕೇಳಿಸಿತು.

ಅತ್ತೆಯ ಮಗಳು, ಅಂದರೆ ನನ್ನ ನಾದಿನಿ, ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುತ್ತಾಳೆ. ಅವಳು ಮದುವೆಯಾದರೆ ಡ್ರೈವಿಂಗ್ ಸ್ಕೂಲಿನ ಹುಡುಗನನ್ನೇ ಎಂದು ಪಟ್ಟು ಹಿಡಿದು ಕೂತಿದ್ದಳು. ಚಿನ್ನದಂಥ ಹುಡುಗ. ದಿನವಿಡೀ ಕಲಿಯುವವರ ಪಕ್ಕ ಕೂತು, ಅವರು ಕಾರನ್ನು ಕಂಬಕ್ಕೆ ಒಯ್ದರೂ ಗೋಡೆಗೆ ಒಯ್ದರೂ ಧ್ವನಿ ಏರಿಸುವುದಿಲ್ಲ. ಅತ್ತೆ ಮಾತ್ರ ಒಪ್ಪಲಿಲ್ಲ. "ಪಕ್ಕದಲ್ಲಿ ಕೂತು ಬ್ರೇಕ್ ಒತ್ತೋದೂ ಒಂದು ಕೆಲಸಾನಾ? ನನ್ನ ಮಗಳಿಗೆ ಓದಿದೋನು ಬೇಕು. ಪ್ರೊಫೆಸರ್ ಥರದೋನು." ಈಗ ಡ್ರೈವಿಂಗ್ ಸ್ಕೂಲಿನವರು ಅವನನ್ನು ಬೇರೆ ಊರಿನ ಹೊಸ ಶಾಖೆಗೆ ಹಾಕಿದ್ದರು. ತಿಂಗಳ ಕೊನೆಗೆ ಹೊರಡಲೇಬೇಕು. "ಅಮ್ಮ ಹೂಂ ಅನ್ನದೆ ನಾನು ಹೋಗಲ್ಲ ಅತ್ತಿಗೆ, ಅವನಿಗೆ ಹೋಗದೆ ಇರೋಕಾಗಲ್ಲ" ಎಂದು ನಾದಿನಿ ನನ್ನ ಹೆಗಲ ಮೇಲೆ ಅತ್ತಿದ್ದಳು.

ಇಂಥ ಸಮಯದಲ್ಲಿ ನಮ್ಮನೆಯವರು ಕಂಪ್ಯೂಟರ್ ಅಂಗಡಿಯವನಿಗೆ ಫೋನ್ ಹಚ್ಚಿದರು. ನಮ್ಮ ಮನೆಯೊಳಗೆ ಸಿಗ್ನಲ್ ಬರುವುದಿಲ್ಲ. ಬಾಲ್ಕನಿಯ ಮೂಲೆಯಲ್ಲಿ, ಒಣಗಲು ಹಾಕಿದ ಟವೆಲ್ಲಿನ ಹಿಂದೆ ನಿಂತು ಕೂಗಬೇಕು. ಅತ್ತೆ ಒಳಗೆ ಬಟ್ಟೆ ಮಡಚುತ್ತಿದ್ದರು. ಫೋನ್ ಮುಗಿಯುವ ಮೊದಲೇ ಅಡುಗೆಮನೆಗೆ ಓಡಿಬಂದು ನನ್ನ ಕೈಯಿಂದ ಪಾತ್ರೆ ಕಿತ್ತಿಟ್ಟರು.

"ಕೇಳ್ದೇನೇ? ನಿನ್ನ ಗಂಡ ನಮ್ಮ ಹುಡುಗೀಗೆ ಪ್ರೊಫೆಸರ್ ನೋಡ್ತಿದಾನೆ! ಒಬ್ಬರಲ್ಲ, ಇಬ್ಬರು!"

"ಅಯ್ಯೋ! ಯಾರಂತೆ?"

"ಹೆಸರು ಹೇಳ್ಲಿಲ್ಲ. ಒಬ್ಬ ಅರವತ್ತನಾಲ್ಕು ಕೋರ್ಸ್ ಮಾಡಿದಾನಂತೆ. ಇನ್ನೊಬ್ಬ ತೊಂಬತ್ತಾರು!"

ನಾದಿನಿಯ ಗತಿಯೇನು ಎಂದು ಗಾಬರಿಯಾಯಿತು. ಒಬ್ಬ ಮನುಷ್ಯ ತೊಂಬತ್ತಾರು ಕೋರ್ಸ್ ಮಾಡಿದರೆ ಪಾಪ ಊಟ ಯಾವಾಗ ಮಾಡುತ್ತಾನೆ ಎಂಬ ಯೋಚನೆಯೂ ಬಂತು. ಅತ್ತೆಯ ಮುಖ ಮೊದಲು ಅರಳಿತ್ತು, ಈಗ ಸ್ವಲ್ಪ ಬಾಡಿತು.

"ಒಂದೇ ಯೋಚನೆ ಕಣೇ. ಆ ದೊಡ್ಡ ಪ್ರೊಫೆಸರ್ ತುಂಬಾ ಕುಡಿಯುತ್ತೆ ಅಂದ. ಬೇಗ ಬಿಸಿಯಾಗುತ್ತೆ ಅಂದ. ಕೂಲರ್ ಬೇರೆ ನಾವೇ ಕೊಡಿಸ್ಬೇಕಂತೆ."

"ಕುಡಿಯುತ್ತೆ ಅಂದ್ರಾ? ಕುಡೀತಾನೆ ಅನ್ಲಿಲ್ವಾ?"

"ಇಲ್ಲ, ಎಲ್ಲಾ ‘ಅದು’ ‘ಇದು’ ಅಂತಲೇ. ನಂಗೂ ಸರಿ ಅನ್ನಿಸ್ಲಿಲ್ಲ. ಆದ್ರೆ ನಿಮ್ಮ ಮಾವನ ಮೇಲೆ ಸಿಟ್ಟು ಬಂದಾಗ ನಾನೂ ‘ಅದಕ್ಕೇನು ಗೊತ್ತಾಗುತ್ತೆ’ ಅಂತಿದ್ದೆ. ಇವನಿಗೂ ಆ ಗಂಡಿನ ಮೇಲೆ ಸಿಟ್ಟು ಬಂದಿರ್ಬೇಕು." ಅತ್ತೆ ಧ್ವನಿ ತಗ್ಗಿಸಿದರು. "ಚಿಕ್ಕದು ತಣ್ಣಗಿದೆಯಂತೆ. ಆದ್ರೆ ಸೆಕೆಂಡ್ ಹ್ಯಾಂಡಂತೆ ಕಣೇ. ಎರಡನೇ ಸಂಬಂಧ."

ನಾನು ಚಪ್ಪಲಿ ಮೆಟ್ಟಿ ನೇರ ಲ್ಯಾಬಿಗೆ ಓಡಿದೆ. ನಾದಿನಿ ಮೇಣದ ದವಡೆಗೆ ಹಲ್ಲು ಕೂರಿಸುತ್ತಿದ್ದಳು. ನಾನು ಏದುಸಿರು ಬಿಡುತ್ತಾ ಎಲ್ಲ ಹೇಳಿದೆ. ಅವಳು ಮುಂದಿನ ಹಲ್ಲನ್ನು ಕೈಯಲ್ಲೇ ಹಿಡಿದು ಹುಬ್ಬು ಗಂಟಿಕ್ಕಿದಳು.

"ಅಣ್ಣಂಗೆ ಪ್ರೊಫೆಸರ್ ಎಲ್ಲಿ ಸಿಕ್ಕಿದ್ರು? ಅವನಿಗೆ ಗೊತ್ತಿರೋರಲ್ಲಿ ಜಾಸ್ತಿ ಓದಿರೋನು ಕುರ್ಚಿ ಅಂಗಡಿಯೋನು."

ಫೋನ್ ಮಾಡಿ, ನನಗೂ ಕೇಳಿಸುವಂತೆ ಸ್ಪೀಕರಿಗೆ ಹಾಕಿದಳು. "ಅಣ್ಣಾ, ಇಬ್ಬರು ಪ್ರೊಫೆಸರ್ ನೋಡ್ತಿದೀಯಂತೆ?"

"ಪ್ರೊಫೆಸರ್ ಅಲ್ಲ ಕಣೇ ಕಿವುಡಿ, ಪ್ರೊಸೆಸರ್! ಕಂಪ್ಯೂಟರಿನ ತಲೆ!" ಅತ್ತಲಿಂದ ಪಿಸುಮಾತು ಬಂತು. "ಅದರೊಳಗೆ ಚಿಕ್ಕ ಚಿಕ್ಕ ತಲೆ ಇರ್ತವೆ, ಕೋರ್ ಅಂತಾರೆ. ಎಲ್ಲಾ ಸೇರಿ ಒಂದೇ ಕೆಲಸ ಹಂಚ್ಕೊಂಡು ಮಾಡ್ತವೆ. ಯಾವುದು ಒಳ್ಳೇದು ಅಂತ ಭಾನುವಾರ ಹೇಳ್ಬೇಕು. ಯಾರಿಗೂ ಹೇಳ್ಬೇಡ ಮಾರಾಯ್ತಿ, ನಂಗೆ ಒಂದು ಚೂರೂ ಗೊತ್ತಿಲ್ಲ."

ಫೋನ್ ಇಟ್ಟು ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೇಜಿನ ಮೇಲಿದ್ದ ಹಲ್ಲುಗಳು ಉರುಳಿ ನೆಲಕ್ಕೆ ಬಿದ್ದವು. ಬಗ್ಗಿ ಆರಿಸುತ್ತಿದ್ದ ನಾದಿನಿ ಇದ್ದಕ್ಕಿದ್ದಂತೆ ಅಲ್ಲೇ ಕೂತಳು.

"ಅತ್ತಿಗೆ, ಅಮ್ಮಂಗೆ ಹೇಳ್ಬೇಡ."

"ಯಾಕೇ?"

"ಇಷ್ಟು ದಿನ ಪ್ರೊಫೆಸರ್ ಪ್ರೊಫೆಸರ್ ಅಂತ ನನ್ನ ತಲೆ ತಿಂದ್ಲು. ಈಗ ಕುಡಿಯೋ ಪ್ರೊಫೆಸರ್ ಒಂದು, ಸೆಕೆಂಡ್ ಹ್ಯಾಂಡ್ ಪ್ರೊಫೆಸರ್ ಒಂದು ಬಂದಿದೆ. ಸ್ವಲ್ಪ ದಿನ ಅನುಭವಿಸ್ಲಿ. ಇದಕ್ಕಿಂತ ಬ್ರೇಕ್ ಒತ್ತೋನೇ ವಾಸಿ ಅನ್ನಿಸ್ಬಹುದು."

ಅವಳ ಕಣ್ಣಲ್ಲಿ ನಗುವೂ ಇತ್ತು, ನೀರೂ ಇತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಅಲ್ಲಿಂದ ಮುಂದೆ ನಮ್ಮನೆಯವರು ಆ ಅಂಗಡಿಯವನ ಪ್ರಾಣ ತಿಂದರು. ಅವನೂ ಸಾವಧಾನದ ಮನುಷ್ಯ, ಬಿಡಿಸಿ ಬಿಡಿಸಿ ಹೇಳಿದ. ಆಫೀಸಿನವರು ಚಿತ್ರದ ಗೆರೆ ಎಳೆಯುತ್ತಾ ಕೂತಾಗ ಒಂದೋ ಎರಡೋ ಕೋರು ದುಡಿಯುತ್ತವೆ, ಉಳಿದವು ಕೈಕಟ್ಟಿ ಕೂರುತ್ತವೆ. ಕೊನೆಗೆ ಬಿಸಿಲು ನೆರಳು ಎಲ್ಲ ತುಂಬಿ ಚಿತ್ರ ತೆಗೆಯುವಾಗ ಮಾತ್ರ ಅಷ್ಟೂ ಕೋರು ಮೈಬಗ್ಗಿಸುತ್ತವೆ. ಆಗ ತೊಂಬತ್ತಾರರದ್ದು ಬೇಗ ಮುಗಿಸುತ್ತದೆ, ನಿಜ, ಕರೆಂಟನ್ನೂ ಹಾಗೇ ಕುಡಿಯುತ್ತದೆ. ಆದರೆ ಬೆಲೆ ಹೆಚ್ಚುಕಡಿಮೆ ಎರಡರಷ್ಟು, ವೇಗ ಎರಡರಷ್ಟಲ್ಲ. ನಮ್ಮನೆಯವರು ಇದನ್ನೆಲ್ಲ ಗಟ್ಟಿಯಾಗಿ ಹೇಳಿಕೊಂಡು ಬಾಲ್ಕನಿಯಲ್ಲಿ ತಿರುಗಿದರು. ಗಟ್ಟಿಯಾಗಿ ಹೇಳದಿದ್ದರೆ ಅವರ ತಲೆಗೆ ಹತ್ತುವುದಿಲ್ಲ. ಅತ್ತೆ ಬಾಲ್ಕನಿಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು, ಬಲಗಿವಿ ಆ ಕಡೆ ಮಾಡಿ ಕೂತುಬಿಟ್ಟರು.

ಭಾನುವಾರ ಬೆಳಿಗ್ಗೆ ಕೊನೆಯ ಫೋನು. ಅದರಲ್ಲಿ ಕಂಪ್ಯೂಟರಿನ ಮದರ್‌ಬೋರ್ಡಿನ ವಿಷಯ ಬಂತು. ಪ್ರೊಸೆಸರನ್ನು ಕೂರಿಸುವ ಹಲಗೆಗೆ ಆ ಹೆಸರಂತೆ. ಹೆಸರಿಟ್ಟ ಪುಣ್ಯಾತ್ಮ ನಮ್ಮತ್ತೆಯನ್ನು ನೋಡಿರಲಿಲ್ಲ. ಮುಗಿಯದ ಹೆಸರೆಂದು ನಮ್ಮನೆಯವರು ಅದನ್ನು ಅರ್ಧಕ್ಕೇ ಕತ್ತರಿಸಿದ್ದರು.

"ದೊಡ್ಡದು ಬರ್ಬೇಕು ಅಂದ್ರೆ ನಮ್ಮ ಹಳೇ ಮದರ್‌ನ ತೆಗೀಲೇಬೇಕಾ?... ಹೊಂದಲ್ವಾ?... ಹಳೇ ಮದರ್ ಏನ್ ಮಾಡೋದು ಹಾಗಾದ್ರೆ?... ಗುಜರಿಗಾ? ಅಯ್ಯೋ, ಗುಜರಿಯೋನೂ ತಗೊಳ್ಳಲ್ವಾ?"

ಅತ್ತೆ ದಡಕ್ಕನೆ ಎದ್ದು ಒಳಗೆ ಹೋದರು. ನಾನು ಕೋಣೆಗೆ ಹೋಗಿ ನೋಡಿದರೆ ಸೂಟ್‌ಕೇಸ್ ಬಾಯಿ ತೆರೆದು ಬಿದ್ದಿದೆ, ಅತ್ತೆ ಅದರೊಳಗೆ ಸ್ವೆಟರು, ಕನ್ನಡಕ, ಬಿಸಿನೀರಿನ ಚೀಲ ಎಲ್ಲ ತುರುಕುತ್ತಿದ್ದಾರೆ. ನೋಡುನೋಡುತ್ತಿದ್ದಂತೆ ಅದನ್ನು ಎಳೆದುಕೊಂಡು ಮೆಟ್ಟಿಲು ಹತ್ತಿ ಮೇಲಿನ ಮನೆಗೆ ಹೋದರು. ಮೇಲಿನ ಮನೆಯಲ್ಲಿರುವುದು ಕೋರ್ಟಿನಲ್ಲಿ ಟೈಪಿಸ್ಟಾಗಿ ನಿವೃತ್ತರಾದ ಹೆಂಗಸು. ಟೈಪಿಸ್ಟಮ್ಮ ಎಂದೇ ಎಲ್ಲರೂ ಕರೆಯುವುದು. ಪ್ರತಿ ಜಗಳವನ್ನೂ ಅವರು ಸಾಕ್ಷಿ ವಿಚಾರಣೆ ಮಾಡಿಯೇ ಮುಗಿಸಬೇಕು. ಸೂಟ್‌ಕೇಸ್ ಸಮೇತ ಅತ್ತೆಯನ್ನು ಜೊತೆಗೆ ಕರೆದುಕೊಂಡು ದಡದಡ ಇಳಿದು ಬಂದು ನಮ್ಮನೆಯವರ ಎದುರು ನಿಂತರು.

"ಏನಪ್ಪಾ, ಮದರ್‌ನ ಗುಜರಿಗೆ ಹಾಕ್ತೀನಿ ಅಂದಿದ್ದು ನಿಜಾನಾ ಸುಳ್ಳಾ?"

ಟೈಪಿಸ್ಟಮ್ಮನಿಗೂ ಕಂಪ್ಯೂಟರ್ ಗೊತ್ತಿದೆಯಲ್ಲ ಎಂದು ನಮ್ಮನೆಯವರ ಮುಖ ಅರಳಿತು. "ನಿಜಾನೇ. ತುಂಬಾ ಹಳೇದಾಗಿದೆ, ಧೂಳು ಹಿಡಿದಿದೆ. ಯಾರಾದ್ರೂ ಬಂದು ಎತ್ಕೊಂಡು ಹೋದ್ರೆ ಸುಮ್ನೆ ಕೊಟ್ಟುಬಿಡೋದೇ."

"ಅಯ್ಯಯ್ಯೋ! ಬಾಯಲ್ಲಿ ಹುಳ ಬೀಳುತ್ತೆ ಕಣೋ!"

"ನೀವೇ ಬೇಕಾದ್ರೆ ಇಟ್ಕೊಳ್ಳಿ. ಆದ್ರೆ ಆನ್ ಮಾಡಿದ ತಕ್ಷಣ ಕುಂಯ್ ಅನ್ನುತ್ತೆ."

ಅತ್ತೆ ಸೂಟ್‌ಕೇಸಿನ ಮೇಲೆ ಕುಸಿದು ಕೂತರು. ಇದು ಅತಿಯಾಯಿತು. ಅತ್ತೆಗೆ ಬುದ್ಧಿ ಕಲಿಸುವ ಆಟ ಎಂದು ಶುರುವಾದದ್ದು ಅವರ ಕಣ್ಣೀರಿಗೆ ಬಂದು ನಿಂತಿತಲ್ಲ ಎಂದು ನನಗೆ ಸಂಕಟವಾಗಿ, ಎಲ್ಲ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ನಾದಿನಿ ಹೊರಗಿನಿಂದ ಬಂದಳು. ಅವಳ ಹಿಂದೆಯೇ ದಪ್ಪ ಕನ್ನಡಕದ, ಇಸ್ತ್ರಿ ಮಾಡಿದ ಕೋಟಿನ ಗಂಡಸೊಬ್ಬರು ಒಳಗೆ ಬಂದರು. ಕೈಯಲ್ಲಿ ಚರ್ಮದ ಚೀಲ. ನಮ್ಮನೆಯವರ ಬಾಸ್! ಸೋಮವಾರದ ಆರ್ಡರಿಗೆ ಮೊದಲು ತೀರ್ಮಾನ ಕೇಳಿಕೊಂಡು ಹೋಗಲು ತಾವೇ ಬಂದಿದ್ದರು.

ಆ ಕನ್ನಡಕ, ಆ ಕೋಟು ನೋಡಿದ ಅತ್ತೆಗೆ ಅನುಮಾನವೇ ಉಳಿಯಲಿಲ್ಲ. ಕಣ್ಣೊರೆಸಿಕೊಂಡು ಟೈಪಿಸ್ಟಮ್ಮನ ಕಿವಿಯಲ್ಲಿ, ಅಂದರೆ ಇಡೀ ಮನೆಗೆ ಕೇಳಿಸುವಂತೆ, "ಪ್ರೊಫೆಸರ್ ಕಡೆಯವರು!" ಎಂದರು.

ಬಾಸ್ ನಗುತ್ತಾ ಸೋಫಾದ ತುದಿಯಲ್ಲಿ ಕೂತರು. "ಎಲ್ಲರೂ ಇದೀರಿ, ಒಳ್ಳೇದಾಯ್ತು. ತಾಯಿಯವರ ಅಭಿಪ್ರಾಯಾನೂ ಕೇಳೋಣ. ನಂಗಂತೂ ದೊಡ್ಡದರ ಮೇಲೇ ಮನಸ್ಸು."

"ಅದು ಬಿಸಿ ಅಲ್ವೇ?" ಎಂದರು ಅತ್ತೆ, ಸೆಟೆದು ಕೂತು.

ಬಾಸ್ ಬೆರಗಾದರು. "ಹೌದು, ನಿಮಗೂ ಗೊತ್ತಾ? ಬಿಸಿಯೇನೋ ಹೌದು. ನೀರು ಹರಿಸ್ತಾನೇ ಇರ್ಬೇಕು. ತಪ್ಪಿದ್ರೆ ಹೊಗೆ ಬರುತ್ತೆ."

"ಅಷ್ಟು ಕುಡಿದ್ರೆ ಹೊಗೆ ಬರದೆ ಇರುತ್ತಾ!"

"ಕುಡಿಯುತ್ತೆ, ಒಪ್ಕೋತೀನಿ. ಆದ್ರೆ ಕೆಲಸಕ್ಕೆ ನಿಂತ್ರೆ ನೋಡ್ಬೇಕು, ಎಲ್ಲಾ ಮುಗಿಸಿಬಿಡುತ್ತೆ."

"ಎಲ್ಲರನ್ನೂ ಮುಗಿಸಿಬಿಡುತ್ತಾ?" ಅತ್ತೆ ಮಗಳ ಕೈ ಹಿಡಿದು ತಮ್ಮ ಕಡೆಗೆ ಎಳೆದುಕೊಂಡರು.

ನಮ್ಮನೆಯವರು ತಾಯಿಯನ್ನು ಹೆಮ್ಮೆಯಿಂದ ನೋಡುತ್ತಿದ್ದರು. ಬಾಸ್ ಗದ್ದ ಕೆರೆದುಕೊಂಡು ಯೋಚಿಸಿ, ದೊಡ್ಡ ಮನಸ್ಸು ಮಾಡಿದವರಂತೆ ತೊಡೆ ತಟ್ಟಿದರು.

"ಚಿಕ್ಕದೂ ಬಿಡೋಕೆ ಮನಸ್ಸಿಲ್ಲ. ಒಂದು ಕೆಲಸ ಮಾಡೋಣ. ಎರಡೂ ತಗೊಂಡುಬಿಟ್ರೆ ಹೇಗೆ?"

ಟೈಪಿಸ್ಟಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ಅತ್ತೆ ಸೂಟ್‌ಕೇಸಿನಿಂದ ಮೆಲ್ಲಗೆ ಎದ್ದರು. ಅವರು ಅಷ್ಟು ಎತ್ತರ ಇದ್ದಾರೆಂದು ನನಗೆ ಅವತ್ತೇ ಗೊತ್ತಾದದ್ದು.

"ಎರಡೂ ಬೇಡ! ಕೇಳಿಸ್ತಾ? ಎರಡೂ ಬೇಡ! ಕೋರ್ಸು ಮಾಡಿದ್ದು ಸಾಕು, ಬಿಸಿಯಾಗಿದ್ದು ಸಾಕು! ನನ್ನ ಮಗಳಿಗೆ ಆ ಡ್ರೈವಿಂಗ್ ಸ್ಕೂಲಿನ ಹುಡುಗನೇ ಸಾಕು. ಎದುರಿಗೆ ಲಾರಿ ಬಂದ್ರೂ ಮುಖ ಕೆಂಪಗೆ ಮಾಡಲ್ಲ. ಅಮ್ಮನ್ನ ತೆಗೀರಿ ಅಂತ ಒಂದು ದಿನಾನೂ ಹೇಳ್ಲಿಲ್ಲ. ಅವನಿಗೇ ಕೊಡ್ತೀನಿ, ಟೈಪಿಸ್ಟಮ್ಮನ ಸಾಕ್ಷಿಯಾಗಿ ಹೇಳ್ತಿದೀನಿ!"

ನಾದಿನಿ ನನ್ನ ತೋಳು ಹಿಡಿದಳು. ಉಗುರು ನಾಟಿದರೂ ನನಗೆ ನೋವು ಗೊತ್ತಾಗಲಿಲ್ಲ.

ಬಾಸ್ ಕಕ್ಕಾಬಿಕ್ಕಿ. "ಮದುವೆ ಮಾತು ಎಲ್ಲಿಂದ ಬಂತು? ನಾನು ಹೇಳ್ತಿರೋದು ಇದನ್ನ" ಎಂದು ಚೀಲದಿಂದ ಚಿತ್ರವೊಂದನ್ನು ತೆಗೆದು ಅತ್ತೆಯ ಮುಂದೆ ಹಿಡಿದರು. ಬಿಸ್ಕತ್ತಿನಷ್ಟು ದೊಡ್ಡದೊಂದು ಚೌಕದ ತಗಡು. "ಇದೇ ಪ್ರೊಸೆಸರ್."

ಅತ್ತೆ ಚಿತ್ರ ನೋಡಿದರು. ಮಗನನ್ನು ನೋಡಿದರು. ಮತ್ತೆ ಚಿತ್ರ ನೋಡಿದರು. ಅವರ ಮುಖದಲ್ಲಿ ಆ ವಾರದ ಮಾತುಗಳೆಲ್ಲ ಒಂದೊಂದಾಗಿ ಹಿಂದಕ್ಕೆ ಓಡಿದ್ದು ನನಗೆ ಕಾಣಿಸಿತು. ತಪ್ಪು ಕೇಳಿಸಿತು ಎಂದು ಅವರು ಅಂದರೆ ಮುಗಿಯಿತು, ಕೊಟ್ಟ ಮಾತೂ ತಪ್ಪು ಮಾತೇ ಆಗಿಬಿಡುತ್ತದೆ. ನಾದಿನಿಯ ಮುಖ ಸುಣ್ಣದಂತೆ ಬಿಳುಚಿತ್ತು.

ಅಷ್ಟರಲ್ಲಿ ಟೈಪಿಸ್ಟಮ್ಮನ ಬಾಯಿ ಸುಮ್ಮನಿರಬೇಕಲ್ಲ. "ಅಯ್ಯೋ ರಾಮ! ಪ್ರೊಸೆಸರ್ ಅಂದಿದ್ದು ನಿಮಗೆ ಪ್ರೊಫೆಸರ್ ಅಂತ ಕೇಳಿಸ್ತಾ? ಕಿವಿ ತೋರಿಸ್ಕೊಳ್ಳಿ ಅಂತ ನಾನು ಎಷ್ಟು ಸಲ ಬಡ್ಕೊಂಡೆ!"

ಆ ಹೆಂಗಸಿನ ಬಾಯಿಗೆ ನಾನು ಸಕ್ಕರೆ ಹಾಕಬೇಕು. ಅತ್ತೆಯ ಬೆನ್ನು ಕೋಲಿನಂತೆ ನೆಟ್ಟಗಾಯಿತು.

"ಕೇಳಿಸೋದೇನು? ಪ್ರೊಸೆಸರ್ ಅಂತಲೇ ಕೇಳಿಸ್ತು! ಕಂಪ್ಯೂಟರಿಂದು ಅಂತ ಮೊದಲ ದಿನವೇ ಗೊತ್ತು ನಂಗೆ. ನನ್ನ ಕಿವಿಗೇನಾಗಿದೆ?"

"ಏನೂ ಆಗಿಲ್ಲ ಅತ್ತೆ, ನಿಮಗೆ ಸರಿಯಾಗೇ ಕೇಳಿಸಿದೆ" ಎಂದು ನಾನು ಆ ಮಾತನ್ನು ಗಬಕ್ಕನೆ ಹಿಡಿದುಕೊಂಡೆ.

"ಹಾಗಾದ್ರೆ ಎರಡೂ ಬೇಡ ಅಂದಿದ್ಯಾಕಮ್ಮ?" ಎಂದರು ನಮ್ಮನೆಯವರು. ಈ ಮನುಷ್ಯನಿಗೆ ಕೇಳಲು ಬೇರೆ ಹೊತ್ತೇ ಸಿಗಲಿಲ್ಲ! ಅವರ ಕಾಲನ್ನು ಜೋರಾಗಿ ತುಳಿದೆ.

ಅತ್ತೆ ಒಂದು ಕ್ಷಣ ಮಾತ್ರ ತಡವರಿಸಿದರು. "ಎರಡೂ ಬೇಡ ಅಂದ್ರೆ ಎರಡೂ ಒಟ್ಟಿಗೆ ಬೇಡ ಅಂತ. ಒಂದು ಸಾಲದಾ? ದೊಡ್ಡದು ಕುಡಿಯುತ್ತೆ, ಬಿಸಿಯಾಗುತ್ತೆ, ಅದಕ್ಕೋಸ್ಕರ ಮದರ್‌ನ ಬೇರೆ ಬದಲಾಯಿಸ್ಬೇಕು. ಬೆಲೆ ಎರಡರಷ್ಟು, ಕೆಲಸ ಎರಡರಷ್ಟಲ್ಲ. ದಿನವೆಲ್ಲ ನಿಮ್ಮಲ್ಲಿ ಒಂದೋ ಎರಡೋ ತಲೆ ಕೆಲಸ ಮಾಡೋದು, ಉಳಿದವು ಕೈಕಟ್ಟಿ ಕೂರೋದು. ಚಿಕ್ಕದು ಧಾರಾಳವಾಗಿ ಸಾಕು." ಬಾಲ್ಕನಿಯ ಬಾಗಿಲಲ್ಲಿ ವಾರವಿಡೀ ಕೇಳಿಸಿಕೊಂಡದ್ದನ್ನೆಲ್ಲ ಅವರು ಒಂದೇ ಉಸಿರಿನಲ್ಲಿ ಒಪ್ಪಿಸಿದರು.

ಬಾಸ್ ಎದ್ದು ನಿಂತು ಕೈ ಮುಗಿದರು. ನಮ್ಮನೆಯವರ ಕಡೆ ತಿರುಗಿ, "ಬೆಂಚ್‌ಮಾರ್ಕ್ ನಿಮ್ಮ ರಕ್ತದಲ್ಲೇ ಇದೆ ಕಣ್ರೀ! ಅರವತ್ತನಾಲ್ಕರದ್ದನ್ನೇ ತರಿಸಿ" ಎಂದು ಚೀಲ ಎತ್ತಿಕೊಂಡು ಹೊರಟರು. ನಮ್ಮನೆಯವರು ತುಳಿಸಿಕೊಂಡ ಕಾಲನ್ನು ನೀವಿಕೊಳ್ಳುತ್ತಾ, ಎಲ್ಲ ಮೊದಲೇ ಗೊತ್ತಿದ್ದವರಂತೆ ತಲೆಯಾಡಿಸಿದರು.

ಟೈಪಿಸ್ಟಮ್ಮ ಮಾತ್ರ ಬಿಡಲಿಲ್ಲ. "ಕಂಪ್ಯೂಟರ್ ಅಂತ ಗೊತ್ತಿದ್ರೆ, ನಡುವೆ ಡ್ರೈವಿಂಗ್ ಸ್ಕೂಲಿನ ಹುಡುಗ ಯಾಕೆ ಬಂದ?"

"ಅದು ಬೇರೆ ಮಾತು. ಮನೆ ಮಾತು. ಹೇಳ್ಬೇಕು ಅಂತಿದ್ದೆ, ಹೇಳ್ದೆ. ಎಲ್ಲರೂ ಇದ್ರಲ್ಲ" ಎಂದು ಅತ್ತೆ ಸೂಟ್‌ಕೇಸಿನಿಂದ ಬಿಸಿನೀರಿನ ಚೀಲ ಹೊರತೆಗೆದು, ನಮಗೆ ಬೆನ್ನು ಹಾಕಿ ಕೋಣೆಯ ಕಡೆಗೆ ನಡೆದರು.

ನಾದಿನಿ ನನ್ನ ಪಕ್ಕದಲ್ಲೇ ನಿಂತಿದ್ದಳು. "ಅಮ್ಮಾ, ನಿಜವಾಗ್ಲೂನಾ?" ಎಂದಳು. ಅವಳ ತುಟಿ ಅಲ್ಲಾಡಿದ್ದನ್ನು ನೋಡಿ ನಾನು ಊಹಿಸಿದೆನೇ ಹೊರತು, ಮಾತು ನನಗೇ ಕೇಳಿಸಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತರು. ತಿರುಗಲಿಲ್ಲ.

"ನಿಜವಾಗ್ಲೂ ಕಣೇ. ಹೋಗು, ಕೆಳಗಿಂದ ಅವನನ್ನ ಕರ್ಕೊಂಡು ಬಾ. ಪಾಪ, ಪ್ರತಿ ಭಾನುವಾರ ಎಷ್ಟು ಹೊತ್ತು ಅಂತ ಆ ಕಾರಲ್ಲೇ ಕಾಯ್ತಾ ಕೂತಿರ್ತಾನೆ."

ನಾದಿನಿ ಚಪ್ಪಲಿಯನ್ನೂ ಹಾಕದೆ ಮೆಟ್ಟಿಲಿಳಿದು ಓಡಿದಳು.